ವೈನಿನ ಜೊತೆಗಿನ ಕುರುಕಲು ಮತ್ತು ರುಚಿಯ ಮಾನದಂಡ

ಉಪ್ಪು ಸವರಿದ ಆಲೂಗಡ್ಡೆ ಚಿಪ್ಸ್‌ಗೆ ಷಾಂಪೇನ್ ಒಪ್ಪುತ್ತದೆ; ಒಣಗಿಸಿದ ಕಡಲ ತಿಂಡಿಗೆ ಕೆಂಪು ವೈನ್ ಒಗ್ಗುವುದಿಲ್ಲ. ವೈನ್ ಬಲ್ಲವರು ಇಂಥ ಮಾತುಗಳನ್ನು ನಿಯಮವೆಂಬಂತೆ ಹೇಳುತ್ತಾರೆ. ಇವು ಎಂಥ ಮಾತುಗಳು? ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ ಎಂಬಂಥ ಸಂಗತಿಗಳೇ, ಇಲ್ಲ ಹೇಳುವವರ ಇಷ್ಟಾನಿಷ್ಟಗಳೇ? ಬರೀ ಇಷ್ಟಾನಿಷ್ಟವಾದರೆ ಒಬ್ಬರ ನಾಲಿಗೆಯನ್ನು ಇನ್ನೊಬ್ಬರು ತಿದ್ದುವ ಪ್ರಶ್ನೆಯೇ ಏಳದು. ಸಂಗತಿಯಾದರೆ, ಸುಖವಾಗಿ ತಿಂದು ಕುಡಿದು ಎದ್ದವನಿಗೂ ನಿನಗಾದ ಸುಖ ತಪ್ಪು ಎನ್ನಬೇಕಾಗುತ್ತದೆ. ಎರಡನ್ನೂ ಒಪ್ಪುವುದು ಕಷ್ಟ. ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ರುಚಿಯ ಚರ್ಚೆ ಹದಿನೆಂಟನೆಯ ಶತಮಾನದಿಂದ ಈ ಇಕ್ಕಟ್ಟಿನ ಸುತ್ತಲೇ ನಡೆದಿದೆ, ಮತ್ತು ಅದರ ಹೆಸರಾಂತ ಉದಾಹರಣೆ ವೈನಿನದೇ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ರುಚಿಯ ಮಾನದಂಡ ಕುರಿತ ಪ್ರಬಂಧವನ್ನು ಪ್ರಕಟಿಸಿದ್ದು 1757ರಲ್ಲಿ. ಅದರಲ್ಲಿ ಅವನು ಸೆರ್ವಾಂಟೆಸನ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಎರಡನೆಯ ಭಾಗದಿಂದ ಒಂದು ಪ್ರಸಂಗವನ್ನು ಎತ್ತಿಕೊಳ್ಳುತ್ತಾನೆ. ಸಾಂಚೊ ಪಾಂಜಾನ ಬಂಧುಗಳಿಬ್ಬರಿಗೆ ಒಂದು ಪೀಪಾಯಿ ವೈನಿನ ಗುಣ ಹೇಳಬೇಕಾಗಿ ಬಂತು. ವೈನೇನೋ ಚೆನ್ನಾಗಿದೆ, ಆದರೆ ಸ್ವಲ್ಪ ಚರ್ಮದ ವಾಸನೆ ಇದೆ ಎಂದ ಒಬ್ಬ. ಚೆನ್ನಾಗಿದೆ ನಿಜ, ಆದರೆ ಕಬ್ಬಿಣದ ರುಚಿ ಸುಳಿಯುತ್ತದೆ ಎಂದ ಇನ್ನೊಬ್ಬ. ಕೇಳಿದವರೆಲ್ಲ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಹಳೆಯ ಬೀಗದಕೈ ಸಿಕ್ಕಿತು. ಸೂಕ್ಷ್ಮವಾದ ನಾಲಿಗೆ ಎಂಬುದು ಬರೀ ಬಡಾಯಿಯಲ್ಲ, ವಸ್ತುವಿನಲ್ಲಿ ಇರುವುದನ್ನೇ ಅದು ಹಿಡಿಯುತ್ತದೆ ಎಂಬುದಕ್ಕೆ ಹ್ಯೂಮ್ ಈ ಕಥೆಯನ್ನು ಸಾಕ್ಷಿಯಾಗಿ ಇಡುತ್ತಾನೆ.

ಕಥೆಯಲ್ಲಿ ಒಂದು ದೊಡ್ಡ ಸಂದಿದೆ. ಬೀಗದಕೈ ಸಾಬೀತು ಮಾಡಿದ್ದು ವೈನಿನಲ್ಲಿ ಕಬ್ಬಿಣವೂ ಚರ್ಮವೂ ಇದ್ದವು ಎಂಬುದನ್ನು ಮಾತ್ರ. ಅವು ಇದ್ದದ್ದು ದೋಷ ಎಂಬುದನ್ನಲ್ಲ. ಅದಕ್ಕಿಂತ ಮುಖ್ಯವಾಗಿ, ವೈನ್ ಚೆನ್ನಾಗಿದೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಆ ಚೆನ್ನಿಗೆ ಪೀಪಾಯಿಯ ತಳದಲ್ಲಿ ಯಾವ ಪುರಾವೆಯೂ ಸಿಗಲಿಲ್ಲ, ಸಿಗುವುದೂ ಶಕ್ಯವಿರಲಿಲ್ಲ. ಹ್ಯೂಮ್ ಇದನ್ನು ಅರಿಯದವನಲ್ಲ. ಹಾಗೆಂದೇ ಅವನು ಮಾನದಂಡವನ್ನು ವಸ್ತುವಿನಲ್ಲಿ ಹುಡುಕುವುದನ್ನು ಬಿಟ್ಟು ತೀರ್ಪುಗಾರರಲ್ಲಿ ಹುಡುಕಿದ. ಗಟ್ಟಿ ವಿವೇಚನೆ, ನವಿರಾದ ಸಂವೇದನೆ, ಅಭ್ಯಾಸ, ಹಲವನ್ನು ಹೋಲಿಸಿ ನೋಡಿದ ಅನುಭವ, ಪೂರ್ವಗ್ರಹವಿಲ್ಲದ ಮನಸ್ಸು ಇರುವ ಕೆಲವರು ಒಟ್ಟಾಗಿ ಕೊಡುವ ತೀರ್ಪೇ ಮಾನದಂಡ ಎಂದ.

ಕಬ್ಬಿಣದ ಕಥೆ ಇಪ್ಪತ್ತೊಂದನೆಯ ಶತಮಾನದಲ್ಲಿ ಅಕ್ಷರಶಃ ನಿಜವಾದದ್ದು ಸೋಜಿಗದ ಸಂಗತಿ. ಮೀನಿನ ತಿನಿಸಿನೊಡನೆ ಕೆಂಪು ವೈನ್ ಕುಡಿದರೆ ಬಾಯಲ್ಲಿ ಕೆಟ್ಟ ಮೀನುವಾಸನೆ ಉಳಿಯುತ್ತದೆ ಎಂಬ ದೂರು ಹಳೆಯದು. ಜಪಾನಿನ ಮರ್ಸಿಯನ್ ವೈನ್ ಕಂಪನಿಯ ಸಂಶೋಧಕರು 38 ಕೆಂಪು ವೈನ್‌ಗಳನ್ನೂ 26 ಬಿಳಿ ವೈನ್‌ಗಳನ್ನೂ ಸ್ಕ್ಯಾಲಪ್ ಎಂಬ ಚಿಪ್ಪುಮೀನಿನ ಜೊತೆ ರುಚಿ ನೋಡಿಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈನಿನಲ್ಲಿ ಕರಗಿದ ಕಬ್ಬಿಣದ ಅಂಶ ಹೆಚ್ಚಿದಷ್ಟೂ ಮೀನುವಾಸನೆ ಹೆಚ್ಚುತ್ತಿತ್ತು. ಲೀಟರಿಗೆ 2 ಮಿಲಿಗ್ರಾಂ ದಾಟಿದರೆ ಅದು ಎದ್ದು ಕಾಣುತ್ತಿತ್ತು. ಕಬ್ಬಿಣವನ್ನು ಕಟ್ಟಿಹಾಕುವ ರಾಸಾಯನಿಕ ಬೆರೆಸಿದಾಗ ವಾಸನೆ ತಗ್ಗಿತು. ದೋಷ ಬಣ್ಣದ್ದಲ್ಲ, ಕಬ್ಬಿಣದ್ದು. ಕಬ್ಬಿಣ ಕಡಿಮೆಯಿರುವ ಕೆಂಪು ವೈನ್ ಮೀನಿನ ಜೊತೆ ನಿರಾತಂಕವಾಗಿ ಹೋಗಬಲ್ಲದು. ನಿಯಮ ಹೇಳಿದವರ ನಾಲಿಗೆ ಸರಿಯಿತ್ತು, ಅವರು ಕೊಟ್ಟುಕೊಂಡ ಕಾರಣ ತಪ್ಪಿತ್ತು.

ಚಿಪ್ಸ್ ಮತ್ತು ಷಾಂಪೇನಿನ ಜೋಡಿಗೂ ಇಂಥ ಕಾರಣಗಳುಂಟು. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ವೈನಿನ ಹುಳಿ ಬಾಯಲ್ಲಿ ನೀರೂರಿಸಿ ಎಣ್ಣೆಯ ಜಿಡ್ಡನ್ನು ಕಳೆಯುತ್ತದೆ. ಗುಳ್ಳೆಗಳ ಚುಚ್ಚು ಮುಂದಿನ ತುತ್ತಿಗೆ ನಾಲಿಗೆಯನ್ನು ಸಜ್ಜುಮಾಡುತ್ತದೆ. ಇಲ್ಲಿಯವರೆಗೆ ಎಲ್ಲವೂ ಸಂಗತಿ. ಹಾಗೆ ಜಿಡ್ಡು ಕಳೆಯುವುದು ಒಳ್ಳೆಯದು ಎಂಬುದು ಸಂಗತಿಯಲ್ಲ. ಜಿಡ್ಡು ನಾಲಿಗೆಯ ಮೇಲೆ ನಿಧಾನವಾಗಿ ಕರಗಲಿ ಎಂದು ಬಯಸುವವರೂ ಇದ್ದಾರೆ.

ಬಲ್ಲವರ ತೀರ್ಪನ್ನೇ ನಂಬುವುದರಲ್ಲೂ ಅಪಾಯವಿದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೋರ್ಡೊ ವಿಶ್ವವಿದ್ಯಾಲಯದ 54 ವೈನ್‌ಶಾಸ್ತ್ರ ವಿದ್ಯಾರ್ಥಿಗಳ ಮುಂದೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಇಡಲಾಯಿತು. ಅದರ ಪರಿಮಳವನ್ನು ಅವರು ವರ್ಣಿಸಿದ್ದು ಕೆಂಪು ವೈನಿಗೆ ಸಲ್ಲುವ ಪದಗಳಲ್ಲಿ. ಮೂಗು ಕಣ್ಣಿನ ಮಾತನ್ನು ಕೇಳಿತ್ತು. ಹ್ಯೂಮ್ ಪಟ್ಟಿಯ ಕೊನೆಯಲ್ಲಿ ಬರುವ ಪೂರ್ವಗ್ರಹದ ಷರತ್ತು ಎಷ್ಟು ಕಠಿಣವೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಇಮಾನ್ಯುಯೆಲ್ ಕಾಂಟ್ 1790ರ ತನ್ನ ಗ್ರಂಥದಲ್ಲಿ ಈ ಗಂಟನ್ನು ಬಿಡಿಸುವ ಬದಲು ಕತ್ತರಿಸಿದ. ಕ್ಯಾನರಿ ದ್ವೀಪದ ವೈನ್ ಹಿತ ಎನ್ನುವವನು, ಅದು ತನಗೆ ಹಿತ ಎಂದು ತಿದ್ದಿಕೊಳ್ಳಬೇಕು. ನಾಲಿಗೆಯ ಸುಖ ಖಾಸಗಿ. ಒಂದು ಕಟ್ಟಡವನ್ನೋ ಕಾವ್ಯವನ್ನೋ ಸುಂದರ ಎಂದಾಗ ಮಾತ್ರ ಎಲ್ಲರ ಒಪ್ಪಿಗೆಯನ್ನು ಕೇಳಿದಂತಾಗುತ್ತದೆ. ಆದರೆ ಅಲ್ಲೇ ಕಾಂಟ್ ಒಂದು ರಿಯಾಯಿತಿ ಕೊಡುತ್ತಾನೆ, ಅದನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಬಂದ ಅತಿಥಿಗಳೆಲ್ಲರ ಇಂದ್ರಿಯಗಳಿಗೂ ಹಿತವಾಗುವಂತೆ ಸತ್ಕರಿಸಬಲ್ಲವನನ್ನು ಅಭಿರುಚಿಯುಳ್ಳವನು ಎನ್ನಲು ಅವನ ಅಡ್ಡಿಯಿಲ್ಲ. ಆ ಸಾರ್ವತ್ರಿಕತೆ ಬಹುಪಾಲು ಜನರಿಗೆ ಅನ್ವಯಿಸುವ ರೂಢಿಯ ಮಟ್ಟದ್ದು, ಅಷ್ಟೆ. ಕುರುಕಲಿಗೂ ವೈನಿಗೂ ಜೋಡಿ ಹೇಳುವ ಮಾತುಗಳಿಗೆ ಸರಿಯಾದ ಜಾಗ ಇದೇ ಎನ್ನಬೇಕು. ಅವು ಅತಿಥಿಸತ್ಕಾರದ ತಿಳಿವಳಿಕೆ. ಬಹುಮಂದಿಗೆ ಹಿತವಾದೀತು ಎಂಬ ಭರವಸೆ ಅವುಗಳಲ್ಲಿದೆ, ಹಿತವಾಗಲೇಬೇಕು ಎಂಬ ಅಪ್ಪಣೆ ಇಲ್ಲ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯೂ 1979ರಲ್ಲಿ ಪ್ರಕಟಿಸಿದ ಅಧ್ಯಯನ ಈ ಇಡೀ ಚರ್ಚೆಯನ್ನೇ ಸಂಶಯದಿಂದ ನೋಡಿತು. ಅಭಿರುಚಿ ಎಂಬುದು ವರ್ಗದ ಗುರುತು, ಮೇಲಿನವರು ಕೆಳಗಿನವರಿಂದ ಬೇರೆಯಾಗುವ ಬಗೆ ಎಂಬುದು ಅವರ ವಾದ. ಚಿಪ್ಸ್‌ಗೆ ಷಾಂಪೇನ್ ಎಂಬ ಜೋಡಿ ಮೇಲುಕೀಳನ್ನು ಅಳಿಸಿದಂತೆ ಕಂಡರೂ, ಷಾಂಪೇನ್ ಕೊಳ್ಳಬಲ್ಲವರಿಗಷ್ಟೇ ಆ ಸಲಿಗೆ ಸಾಧ್ಯ. ವಾದದಲ್ಲಿ ಹುರುಳಿದೆ. ಆದರೂ ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಯಾವ ವರ್ಗವನ್ನೂ ಲೆಕ್ಕಿಸುವುದಿಲ್ಲ. ರುಚಿಯನ್ನು ಪೂರ್ತಿಯಾಗಿ ಸಮಾಜಕ್ಕೆ ಒಪ್ಪಿಸಿಬಿಟ್ಟರೆ ನಾಲಿಗೆಗೆ ಅನ್ಯಾಯವಾಗುತ್ತದೆ.

ಭಾರತದ ಕಾವ್ಯಮೀಮಾಂಸೆ ಎದುರು ದಿಕ್ಕಿನಿಂದ ಬರುತ್ತದೆ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಊಟವೇ ದೃಷ್ಟಾಂತ, ನಾಟಕ ಅದರಿಂದ ತಿಳಿಯಬೇಕಾದದ್ದು: ನಾನಾ ವ್ಯಂಜನ, ಗಿಡಮೂಲಿಕೆ, ದ್ರವ್ಯಗಳು ಕೂಡಿದಾಗ ರಸ ಹುಟ್ಟುವಂತೆ ನಾನಾ ಭಾವಗಳು ಕೂಡಿದಾಗ ನಾಟ್ಯರಸ ಹುಟ್ಟುತ್ತದೆ. ಕಾಂಟ್ ಬೇರ್ಪಡಿಸಿದ ನಾಲಿಗೆಯನ್ನೂ ಕಲೆಯನ್ನೂ ಭರತ ಒಟ್ಟಿಗೆ ಇಟ್ಟಿದ್ದಾನೆ. ರಸ ಯಾವುದೇ ಒಂದು ದ್ರವ್ಯದಲ್ಲಿ ಮೊದಲೇ ಇದ್ದದ್ದಲ್ಲ, ಕೂಡುವಿಕೆಯಲ್ಲಿ ಹುಟ್ಟಿದ್ದು. ಜೋಡಿಯ ರುಚಿಯೂ ಹಾಗೆಯೇ: ವೈನನ್ನು ಬೇರೆಯಾಗಿ, ತಿಂಡಿಯನ್ನು ಬೇರೆಯಾಗಿ ಎಷ್ಟೇ ಪರೀಕ್ಷಿಸಿದರೂ ಅದು ಸಿಗದು. ಆಸ್ವಾದಿಸುವವನ ಬಗ್ಗೆ ಭರತ ಇಲ್ಲಿ ಒಡ್ಡುವ ಷರತ್ತೂ ಹ್ಯೂಮ್‌ನದಕ್ಕಿಂತ ಬೇರೆ. ಅವನು ಪ್ರಸನ್ನ ಮನಸ್ಸಿನವನಾಗಿದ್ದರೆ ಸಾಕು, ನ್ಯಾಯಾಧೀಶನಾಗಬೇಕಿಲ್ಲ.

ಸಂಗತಿಯೋ ಇಷ್ಟಾನಿಷ್ಟವೋ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಮೂರ್ತವಾಗುವುದು ಖಾರದ ತಿಂಡಿಯ ಮುಂದೆ. ಕೋಡುಬಳೆಯನ್ನು ತೆಗೆದುಕೊಳ್ಳಬಹುದು: ಅಕ್ಕಿ ಹಿಟ್ಟು, ಕೊಬ್ಬರಿ, ಇಂಗು, ಒಣಮೆಣಸಿನಕಾಯಿ, ಕಾದ ಎಣ್ಣೆ. ಮೆಣಸಿನಕಾಯಿಯ ಉರಿಯನ್ನು ಮಿದುಳಿಗೆ ಮುಟ್ಟಿಸುವುದು ಬಿಸಿಯನ್ನು ಅರಿಯುವ ನರಗ್ರಾಹಕವೇ. ಸಾಮಾನ್ಯವಾಗಿ ಸುಮಾರು 42 ಡಿಗ್ರಿಯಲ್ಲಿ ಎಚ್ಚರಗೊಳ್ಳುವ ಆ ಗ್ರಾಹಕದ ಮಿತಿಯನ್ನು ಮದ್ಯಸಾರ ಸುಮಾರು 34ಕ್ಕೆ ಇಳಿಸುತ್ತದೆ ಎಂದು 2002ರ ಒಂದು ಸಂಶೋಧನೆ ತೋರಿಸಿತು. ಅಂದರೆ ಬಾಯಿಯ ಸ್ವಂತ ಬಿಸಿಯೇ ಉರಿಯಾಗಿ ತಾಗಬಲ್ಲದು. ಕೋಡುಬಳೆಯ ಮೇಲೆ ಮದ್ಯಸಾರ ಹೆಚ್ಚಿರುವ ಕೆಂಪು ವೈನ್ ಕುಡಿದರೆ ಖಾರ ಏರುವುದು ಇದರಿಂದ. ತುಸು ಸಿಹಿಯಿರುವ, ಮದ್ಯಸಾರ ಕಡಿಮೆಯಿರುವ, ತಣ್ಣಗಿನ ಬಿಳಿ ವೈನ್ ಅದನ್ನು ಶಮನ ಮಾಡುತ್ತದೆ.

ಏರಿದ ಖಾರ ದೋಷವೇ ಎಂಬಲ್ಲಿಗೆ ಹ್ಯೂಮ್ ಮತ್ತೆ ಬೇಕಾಗುತ್ತಾನೆ. ವ್ಯಕ್ತಿಯ ಸ್ವಭಾವದಿಂದಲೂ ದೇಶಕಾಲಗಳ ರೂಢಿಯಿಂದಲೂ ಬರುವ ನಿರಪಾಯವಾದ ಭೇದಗಳಿಗೆ ಮಾನದಂಡವಿಲ್ಲ ಎಂದು ಅವನೇ ಒಪ್ಪಿದ್ದ. ಇಪ್ಪತ್ತರಲ್ಲಿ ಓವಿಡ್, ನಲವತ್ತರಲ್ಲಿ ಹೊರೇಸ್, ಐವತ್ತರಲ್ಲಿ ಟ್ಯಾಸಿಟಸ್ ಮೆಚ್ಚುಗೆಯಾಗುವುದನ್ನು ಅದಕ್ಕೆ ನಿದರ್ಶನವಾಗಿ ಕೊಟ್ಟಿದ್ದ. ಮದ್ಯವನ್ನೇ ಮುಟ್ಟದಿರುವ ಜೈನ, ಬೌದ್ಧ, ಇಸ್ಲಾಂ ವ್ರತನಿಯಮಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವು ರುಚಿಗಿಂತ ಮೇಲಿನ ಧರ್ಮದ ಮಾತು. ಖಾರದ ಮೇಲೆ ಖಾರ ಬಯಸುವ ನಾಲಿಗೆಯದು ಮಾತ್ರ ನಿರಪಾಯ ಭೇದವೇ. ಖಾರವನ್ನು ವೈನಿನ ವೈರಿ ಎಂದು ಬಗೆಯುವ ಯುರೋಪಿನ ಸೂತ್ರಗಳು ಬೆಳೆದದ್ದು ಒಣಮೆಣಸಿನಕಾಯಿ ದಿನನಿತ್ಯದ ಅಡುಗೆಯಲ್ಲಿ ಇಲ್ಲದ ಮನೆಗಳಲ್ಲಿ. ಹ್ಯೂಮ್ ಕೇಳುವ ಅಭ್ಯಾಸ, ಹೋಲಿಕೆಗಳೆರಡೂ ಇಲ್ಲಿ ಸಲ್ಲಬೇಕಾದರೆ ತೀರ್ಪುಗಾರರು ಕೋಡುಬಳೆಯನ್ನೂ ವೈನನ್ನೂ ಸಮಾನವಾಗಿ ಬಲ್ಲವರಾಗಿರಬೇಕು. ನಂದಿಬೆಟ್ಟದ ಆಸುಪಾಸಿನಲ್ಲಿ ವೈನ್ ದ್ರಾಕ್ಷಿಯ ತೋಟಗಳು ಬೇರೂರಿ ಕೆಲವೇ ದಶಕಗಳಾಗಿವೆ. ಅಂಥ ತೀರ್ಪುಗಾರರು ಇನ್ನೂ ವಿರಳ. ಅವರ ಒಮ್ಮತ ರೂಪುಗೊಳ್ಳುವ ತನಕ ಈ ಜೋಡಿಯ ಬಗ್ಗೆ ಹೊರಗಿನ ಸೂತ್ರಗಳು ಹೇಳುವುದರಲ್ಲಿ ಉರಿಯ ಕಾರಣವನ್ನಷ್ಟೇ ಸಂಗತಿಯೆಂದು ಸ್ವೀಕರಿಸಬಹುದು.