ಸರಸ್ವತೀ ಭಂಡಾರದ ಆರು ಜನ

ಕಾಳಗಿಯಿಂದ ದಕ್ಷಿಣಕ್ಕೆ ಹೊರಟರೆ ಕಾಗಿಣಾ ದಂಡೆಯ ಮಳಖೇಡ ಸಿಗುತ್ತದೆ. ಇನ್ನೂ ಮುಂದೆ ಚಿತ್ತಾಪುರದ ಮಗ್ಗುಲಿಗೆ ನಾಗಾವಿ. ತೊಗರಿ ಹೊಲ, ಫರಸಿ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳ ಈ ಸೀಮೆಯಲ್ಲಿ ಕನ್ನಡದ ಒಂದು ದೊಡ್ಡ ಹೆಮ್ಮೆಯೂ ಇದೆ, ಒಂದು ದೊಡ್ಡ ನಷ್ಟವೂ ಇದೆ.

ಹೆಮ್ಮೆ ಎಲ್ಲರಿಗೂ ಗೊತ್ತಿರುವುದೇ. ಒಂಬತ್ತನೆಯ ಶತಮಾನದಲ್ಲಿ, ಮಳಖೇಡದ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ. ನಷ್ಟದ ಲೆಕ್ಕವೂ ಅದೇ ಪುಸ್ತಕದಲ್ಲಿದೆ. ತನಗಿಂತ ಹಿಂದಿನವರನ್ನು ನೆನೆಯುವಾಗ ಅದು ಗದ್ಯಕ್ಕೆ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೇಳುತ್ತದೆ. ಪದ್ಯಕ್ಕೆ ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರನ್ನು. ಇವರ ಕನ್ನಡ ಕೃತಿ ಒಂದೂ ನಮ್ಮ ಕೈಗೆ ಸಿಕ್ಕಿಲ್ಲ. ಲೋಕಪಾಲನ ಪದ್ಯ ಕೇಳಿ ತಲೆದೂಗಿದ ಜನ ಇದ್ದೇ ಇರಬೇಕು. ತಲೆದೂಗಿದರು, ಮನೆಗೆ ಹೋದರು, ಪದ್ಯ ಉಳಿಯಲಿಲ್ಲ. ‘ಕವಿರಾಜಮಾರ್ಗ’ ಉಳಿಯಿತು, ಏಕೆಂದರೆ ಹೆಸರು ಗೊತ್ತಿಲ್ಲದ ಯಾರು ಯಾರೋ ತಲೆಮಾರಿನಿಂದ ತಲೆಮಾರಿಗೆ ಅದನ್ನು ಗರಿಯಿಂದ ಗರಿಗೆ ನಕಲು ಮಾಡಿದರು. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಸಂಪಾದಿಸಿ ಅಚ್ಚಿಗೆ ತಂದರು.

ನಾಗಾವಿಯ 1058ರ ಶಾಸನ ಓದಿದಾಗಲೆಲ್ಲ ಈ ನಕಲುಗಾರರು ನೆನಪಾಗುತ್ತಾರೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲ. ಅಲ್ಲಿದ್ದ ಘಟಿಕಾಸ್ಥಾನದಲ್ಲಿ ವೇದ, ಶಾಸ್ತ್ರ ಓದುವ ವಿದ್ಯಾರ್ಥಿಗಳಿದ್ದರು, ಗುರುಗಳಿದ್ದರು. ಅವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗಳೂ ಇದ್ದರು. ಗ್ರಂಥ ಕಾಯುವವರು. ಗುರುಗಳಿಗೆ ಭೂಮಿ ಬಿಟ್ಟಂತೆ ಇವರಿಗೂ ಬಿಟ್ಟಿದ್ದರು. ಆ ವಿದ್ಯೆ ಅಂದಿನ ಎಲ್ಲ ಜಾತಿಯವರಿಗೂ ಬಾಗಿಲು ತೆರೆದಿರಲಿಲ್ಲ, ಅದನ್ನು ಮರೆಯಬಾರದು. ಆದರೂ ಬರೆಯುವವನಿಗೆ ಅನ್ನ ಎಷ್ಟು ಮುಖ್ಯವೋ ಬರೆದದ್ದನ್ನು ಕಾಯುವವನಿಗೂ ಅಷ್ಟೇ ಮುಖ್ಯ ಎಂಬ ತಿಳಿವಳಿಕೆ ಆ ಭೂಮಿ ಬಿಟ್ಟವರಿಗಿತ್ತಲ್ಲ, ಅದು ನನ್ನನ್ನು ಬಹಳ ಕಾಡುತ್ತದೆ.

ನಮ್ಮ ಕಾಲದ ಕನ್ನಡ ಕವಿತೆಯ ಭಂಡಾರಿಗಳು ಯಾರು? ಬಹುಮಟ್ಟಿಗೆ ಸಣ್ಣಪತ್ರಿಕೆಗಳು. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’. 1964ರಲ್ಲಿ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಕೂಡಿ ಶುರು ಮಾಡಿದ ‘ಸಂಕ್ರಮಣ’. ಶೂದ್ರ ಶ್ರೀನಿವಾಸರ ‘ಶೂದ್ರ’, ಅನಂತಮೂರ್ತಿಯವರ ‘ರುಜುವಾತು’, ವಿವೇಕ ಶಾನಭಾಗರ ‘ದೇಶಕಾಲ’. ಇವುಗಳಿಗೆ ಯಾವ ಅರಸನೂ ಭೂಮಿ ಬಿಡಲಿಲ್ಲ. ಚಂದಾ ಹಣ, ಸ್ನೇಹಿತರ ಜಾಹೀರಾತು, ಉಳಿದದ್ದಕ್ಕೆ ಸಂಪಾದಕರ ಸ್ವಂತ ಸಂಬಳ. ಹಸ್ತಪ್ರತಿ ಓದುವುದು, ಕರಡು ತಿದ್ದುವುದು, ವಿಳಾಸ ಬರೆದು ಅಂಚೆಗೆ ಹಾಕುವುದು, ಎಲ್ಲವೂ ಮನೆಮಂದಿಯ ಕೆಲಸ. ತನ್ನ ಪದ್ಯ ಬರೆಯಬಹುದಾಗಿದ್ದ ಹೊತ್ತನ್ನು ಇನ್ನೊಬ್ಬರ ಪದ್ಯಕ್ಕೆ ಕೊಡುವುದಕ್ಕಿಂತ ದೊಡ್ಡ ದಾನವನ್ನು ಸಾಹಿತ್ಯದಲ್ಲಿ ನಾನು ಕಂಡಿಲ್ಲ.

ನನ್ನ ಹತ್ತಿರ ಇಂಥ ಪತ್ರಿಕೆಯೊಂದರ ಹಳೆಯ ಸಂಚಿಕೆಯಿದೆ. ಪಿನ್ನು ತುಕ್ಕು ಹಿಡಿದು ನಡುಪುಟದಲ್ಲಿ ಕಂದು ಕಲೆ ಬಿದ್ದಿದೆ. ಚಂದಾ ಮುಗಿದವರು ದಯಮಾಡಿ ಮನಿಯಾರ್ಡರ್ ಕಳಿಸಬೇಕೆಂಬ ವಿನಂತಿ ಒಳಹೊದಿಕೆಯಲ್ಲಿದೆ. ಒಂದು ಪದ್ಯದ ಬದಿಗೆ ಯಾರೋ ಪೆನ್ಸಿಲಿನಿಂದ ಉದ್ದಕ್ಕೆ ಗೆರೆ ಎಳೆದಿದ್ದಾರೆ. ಆ ಕವಿಯ ಹೆಸರು ಮುಂದೆ ಯಾವ ಸಂಕಲನದಲ್ಲೂ ನನಗೆ ಕಂಡಿಲ್ಲ. ಪದ್ಯ ಮಾತ್ರ ಒಳ್ಳೆಯದು, ನಿಜವಾಗಿ ಒಳ್ಳೆಯದು. ಈ ಸಂಚಿಕೆ ರದ್ದಿಗೆ ಹೋದರೆ ಆ ಕವಿಯೂ ಲೋಕಪಾಲನ ಸಾಲಿಗೆ ಸೇರುತ್ತಾನೆ. ಅವನ ಹೆಸರು ಬರೆದಿಡಲು ಇನ್ನೊಬ್ಬ ಶ್ರೀವಿಜಯನೂ ಇರುವುದಿಲ್ಲ.

ಇವತ್ತು ಕಾಳಗಿಯಲ್ಲೋ ರಟಕಲ್ಲಿನಲ್ಲೋ ಪದ್ಯ ಬರೆಯುವ ಹುಡುಗಿಗೆ ಮೊಬೈಲಿನಲ್ಲಿ ಮೆಚ್ಚುಗೆ ಆ ಕ್ಷಣಕ್ಕೇ ಸಿಗುತ್ತದೆ. ಸಿಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಮೆಚ್ಚಿದವರಲ್ಲಿ ಎಷ್ಟು ಮಂದಿ ಆ ಪದ್ಯವನ್ನು ಮರುದಿನ ಹುಡುಕಿ ಓದುತ್ತಾರೆ? ಸಂಪಾದಕನೊಬ್ಬ ನಾಲ್ಕು ಸಲ ಓದಿ, ಮೂರನೆಯ ಸಾಲು ಸಡಿಲಾಗಿದೆ ಎಂದು ಬರೆದರೆ ಅವಳಿಗೆ ನೋವಾಗಬಹುದು. ಆ ನೋವಿನ ಹಿಂದೆ ಒಬ್ಬ ಮನುಷ್ಯ ಅವಳ ಮಾತಿಗಾಗಿ ಕೂತ ಹೊತ್ತಿದೆ. ಅವಳ ಊರ ಮಾತನ್ನು ತಿದ್ದಿ ಶಿಷ್ಟ ಮಾಡುವ ಸಂಪಾದಕನೂ ಸಿಗಬಹುದು. ಅವನಿಗೆ ಅವಳು ಧೈರ್ಯವಾಗಿ ಇಲ್ಲ ಎನ್ನಲಿ. ನಾಡುನಾಡಿನ ಕನ್ನಡಗಳನ್ನು ಅರಿಯಹೊರಟರೆ ವಾಸುಕಿಯೂ ಬೇಸತ್ತಾನು ಎಂದು ಮಳಖೇಡದ ಪುಸ್ತಕವೇ ಹೇಳಿದೆ. ಈ ಸೀಮೆಯಿಂದ ದೊಡ್ಡ ಕಾವ್ಯ ಬಾರದು ಎಂದೂ ಅವಳು ಅಂಜಬೇಕಾಗಿಲ್ಲ. ಇಲ್ಲಿಯ ಶಂಕರವಾಡಿಯಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಚೆನ್ನಣ್ಣ ವಾಲೀಕಾರರು ‘ವ್ಯೋಮಾವ್ಯೋಮ’ದಂಥ ಮಹಾಕಾವ್ಯವನ್ನೇ ಬರೆದರು.

ನನಗೆ ದುಃಖವಾಗುವುದು ಇನ್ನೊಂದು ವಿಷಯಕ್ಕೆ. ಪದ್ಯ ಕಳಿಸುವವರೆಲ್ಲ ಪತ್ರಿಕೆ ಕೊಂಡು ಓದುವುದಿಲ್ಲ. ತನ್ನ ಪದ್ಯವಿರುವ ಪುಟದ ಫೋಟೊ ತೆಗೆದು ಹಂಚಿ, ಎದುರು ಪುಟದ ಕವಿಯ ಕಡೆಗೆ ಕಣ್ಣೂ ಹಾಯಿಸದವರಿದ್ದಾರೆ. ನಮ್ಮನ್ನು ಯಾರಾದರೂ ಕಾಯಲಿ ಎಂದು ಬಯಸುವ ನಾವು ಯಾರನ್ನು ಕಾಯುತ್ತಿದ್ದೇವೆ?

ಕಾಳಗಿ ಈಚೆಗೆ ತಾಲೂಕಾಗಿದೆ. ಕಚೇರಿಗಳು ಬಂದಂತೆ ಅಲ್ಲಿಯ ಯಾವುದಾದರೊಂದು ಗ್ರಂಥಾಲಯಕ್ಕೆ ಸಣ್ಣಪತ್ರಿಕೆಗಳದೇ ಒಂದು ಕಪಾಟು ಬರಲಿ. ಅದರ ಕೀಲಿ ಹಿಡಿಯಲು ಪದ್ಯ ಪ್ರೀತಿಸುವ ಒಬ್ಬ ಮೇಷ್ಟ್ರೋ ಟೀಚರೋ ಮುಂದೆ ಬರಲಿ. ಮನೆಯ ಅಟ್ಟದ ಮೇಲೆ ‘ಸಂಕ್ರಮಣ’ದ, ‘ಶೂದ್ರ’ದ ಹಳೆಯ ಸಂಚಿಕೆ ಇರುವ ಸೇಡಂ, ವಾಡಿ, ಶಹಾಬಾದ, ಚಿಂಚೋಳಿಯ ಹಿರಿಯರು ದೀಪಾವಳಿಗೆ ಮನೆ ಸಾರಿಸುವಾಗ ಅವನ್ನು ರದ್ದಿಯವನಿಗೆ ತೂಕಕ್ಕೆ ಹಾಕದೆ ಆ ಕಪಾಟಿಗೆ ತಲುಪಿಸಲಿ.