ಇಂದಿನ ಧಮ್ಮ ಚಿಂತನೆ: ಕುದುರೆಮರಿ ಮತ್ತು ಕಡಿವಾಣ





ಬುದ್ಧ ವಂದನೆಯಲ್ಲಿ ನಾವು ಹೇಳುವ ಒಂದು ಪದ ‘ಪುರಿಸದಮ್ಮಸಾರಥಿ’. ಪಳಗಿಸಬಹುದಾದ ಮನುಷ್ಯರಿಗೆ ಸಾರಥಿ ಎಂದು ಅರ್ಥ. ಈ ಪಳಗಿಸುವಿಕೆ ಎಂಥದ್ದು ಎಂದು ತಿಳಿಯಲು ಮಜ್ಝಿಮ ನಿಕಾಯದ ಭದ್ದಾಲಿ ಸುತ್ತವನ್ನು ಓದಬೇಕು.

ಒಳ್ಳೆಯ ತಳಿಯ ಕುದುರೆಮರಿ ಸಿಕ್ಕರೆ ಪಳಗಿಸುವವನು ಮೊದಲ ದಿನವೇ ಬೆನ್ನೇರುವುದಿಲ್ಲ. ಮೊದಲು ಬಾಯಿಗೆ ಕಡಿವಾಣ ಹಾಕುತ್ತಾನೆ. ಮರಿ ಮೈ ತಿರುಚುತ್ತದೆ, ಒದ್ದಾಡುತ್ತದೆ. ಯಾಕೆಂದರೆ ಹಿಂದೆಂದೂ ಮಾಡದ್ದನ್ನು ಅದು ಈಗ ಮಾಡಬೇಕಾಗಿದೆ. ಬುದ್ಧರು ಕೊಡುವ ಕಾರಣ ಇಷ್ಟೇ. ಮರಿಯದು ಕೆಟ್ಟ ಬುದ್ಧಿ ಎಂದು ಅವರು ಹೇಳುವುದಿಲ್ಲ. ಮತ್ತೆ ಮತ್ತೆ ಮಾಡಿಸಿದಾಗ ಅದು ಶಾಂತವಾಗುತ್ತದೆ. ಸಜ್ಜು, ನಡಿಗೆ, ಓಟ ಎಲ್ಲ ಆಮೇಲೆ, ಒಂದೊಂದಾಗಿ.

ಈಗ ನಮ್ಮ ಮನೆಗಳನ್ನು ನೋಡೋಣ. 22 ಪ್ರತಿಜ್ಞೆ ಹೇಳಿ ದೀಕ್ಷೆ ಪಡೆದ ಮನೆಯಲ್ಲೇ ಅಜ್ಜಿ ಊರಮ್ಮನಿಗೆ ಕಾಯಿ ಒಡೆಸುತ್ತಾಳೆ. ಮೊಮ್ಮಗಳ ಮದುವೆಗೆ ಮುಹೂರ್ತ ಕೇಳಿಸುತ್ತಾಳೆ. ನಮ್ಮ ಬಳಗದಲ್ಲಿ ಇಂಥ ಒಂದು ಮನೆಯ ಮಾತು ಬಂದಾಗ ಒಬ್ಬ ತಮ್ಮ, “ಅಣ್ಣ, ಅವರನ್ನ ಗ್ರೂಪಿಂದ ತೆಗೀರಿ. ಅವರ ಮನೆಗೆ ಯಾರೂ ಹೋಗೋದು ಬೇಡ” ಎಂದ. ಅವನ ಸಿಟ್ಟಿನಲ್ಲಿ ನ್ಯಾಯವಿದೆ. ಪ್ರತಿಜ್ಞೆ ಆಟದ ಮಾತಲ್ಲ. ಆದರೆ ನನಗೆ ಅಂಗುತ್ತರ ನಿಕಾಯದ ಕೇಸಿ ಸುತ್ತ ನೆನಪಾಯಿತು.

ಕೇಸಿ ಕುದುರೆ ಪಳಗಿಸುವವನು. ಮೃದುವಾಗಿ ಪಳಗಿಸುತ್ತೇನೆ, ಕಠಿಣವಾಗಿ ಪಳಗಿಸುತ್ತೇನೆ, ಎರಡೂ ಸೇರಿಸಿಯೂ ನೋಡುತ್ತೇನೆ, ಯಾವುದಕ್ಕೂ ಬಗ್ಗದಿದ್ದರೆ ಕೊಲ್ಲುತ್ತೇನೆ ಎನ್ನುತ್ತಾನೆ. ನಾನೂ ಹಾಗೆಯೇ ಮಾಡುತ್ತೇನೆ ಎಂದು ಬುದ್ಧರು ಹೇಳಿದಾಗ ಅವನಿಗೆ ಆಶ್ಚರ್ಯ. ಆಗ ಬುದ್ಧರು ವಿವರಿಸುತ್ತಾರೆ: ಇವನು ಮಾತಿಗೂ ತಿದ್ದುವುದಕ್ಕೂ ತಕ್ಕವನಲ್ಲ ಎಂದು ಬಿಟ್ಟುಬಿಡುವುದೇ ಧಮ್ಮದಲ್ಲಿ ಕೊಲ್ಲುವುದು.

ಮಾತು ನಿಲ್ಲಿಸುವುದು ಕೊಲೆಗೆ ಸಮ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಂಗಡಿಯಲ್ಲಿ ಸಾಮಾನು ಕೊಡದ, ಕೂಲಿಗೆ ಕರೆಯದ ಊರುಗಳನ್ನು ಕಂಡ ಜನ ನಾವು. ಬಾಬಾಸಾಹೇಬರು 1927ರಲ್ಲಿ ತಮ್ಮ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಎಂದೇ ಹೆಸರಿಟ್ಟರು. ಬಹಿಷ್ಕಾರದ ನೋವು ಉಂಡವರು ಅದನ್ನೇ ನಮ್ಮ ಅಜ್ಜಿಯ ಮೇಲೆ ಹೂಡಬಹುದೇ? ಬುದ್ಧರಿಗೂ ಅದು ಮೂರು ದಾರಿ ಮುಗಿದ ಮೇಲಿನ ಕೊನೆಯ ಮಾತು. ಅದೂ ಒಬ್ಬನ ಸಿಟ್ಟಿನ ತೀರ್ಮಾನವಲ್ಲ. ತಿಳಿದ ಸಹಚರರೂ ಒಪ್ಪಬೇಕು.

ಹಾಗಂತ ಸಹನೆ ಎಂದರೆ ಕಡಿವಾಣ ಕಳಚಿಟ್ಟು ಸುಮ್ಮನೆ ಕೂರುವುದಲ್ಲ. ಹಿಂದೂವಾಗಿ ಸಾಯುವುದಿಲ್ಲ ಎಂದು ಬಾಬಾಸಾಹೇಬರು ಯೇವಲಾದಲ್ಲಿ ಘೋಷಿಸಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವಿನ 21 ವರ್ಷ ಅವರು ಕೈಕಟ್ಟಿ ಕಾಯಲಿಲ್ಲ. ಓದಿದರು, ಬರೆದರು, ಜನರನ್ನು ಸಿದ್ಧಗೊಳಿಸಿದರು.

ಆದ್ದರಿಂದ ನನ್ನ ಸಲಹೆ ಇದು. ಬರುವ ಹುಣ್ಣಿಮೆಯ ವಂದನೆ ಆ ಅಜ್ಜಿಯ ಮನೆಯಲ್ಲೇ ಆಗಲಿ. 22 ಪ್ರತಿಜ್ಞೆಗಳನ್ನು ಓದೋಣ, ಒಂದನ್ನೂ ಬಿಡುವುದು ಬೇಡ. ಅಜ್ಜಿಗೆ ಇರುವ ಭಯವೇನು ಎಂದು ಕೇಳೋಣ. ಮುಂದಿನ ಹುಣ್ಣಿಮೆಗೂ ಹೋಗೋಣ.

ಕೊನೆಗೆ ಒಂದು ವ್ಯತ್ಯಾಸ ಮರೆಯಬಾರದು. ಪಳಗಿದ ಕುದುರೆಯ ಬೆನ್ನ ಮೇಲೆ ಬೇರೊಬ್ಬ ಕೂರುತ್ತಾನೆ. ಧಮ್ಮದಲ್ಲಿ ಪಳಗಿದವರ ಬೆನ್ನ ಮೇಲೆ ಯಾರೂ ಕೂರುವಂತಿಲ್ಲ, ತಿದ್ದಲು ಹೋದ ನಾವೂ ಕೂಡ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.