ಮರಳುವ ಸಂಕಟ

ಮೇ ಕೊನೆಗೆ ರೋಹಿಣಿ ಮಳೆ ಬಿದ್ದರೆ ಹಾನಗಲ್ಲಿನ ಭತ್ತದ ಹೊಲಗಳಿಗೆ ಕೂರಿಗೆ ಇಳಿಯುತ್ತದೆ. ಶಾಲೆಗಳು ತೆರೆಯುವುದೂ ಆಗಲೇ, ನಾನು ಧಾರವಾಡದ ಬಸ್ಸು ಹತ್ತುವುದೂ ಆಗಲೇ. ಅರ್ಧಕ್ಕೆ ನಿಂತ ಪ್ರಬಂಧದ ಅಧ್ಯಾಯ ನೆನೆದರೆ ಹೊಟ್ಟೆಯಲ್ಲಿ ಸಂಕಟ. ಇದನ್ನು ಸೋಮಾರಿತನ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ರೈತರಿಗೂ ದುಡಿಮೆ ಮತ್ತೆ ಶುರುವಾಗುತ್ತದೆ. ಆದರೆ ಅವರನ್ನು ಕರೆಯುವುದು ಹದ, ನನ್ನನ್ನು ಕರೆಯುವುದು ತಾರೀಖು. ಹದ ಬರುವತನಕ ಬಿತ್ತುವವರು ಕಾಯಬಹುದು (ಸಾಲ ಕಾಯುವುದಿಲ್ಲ, ಅದು ಬೇರೆ ಮಾತು). ಮನಸ್ಸು ಹದಕ್ಕೆ ಬರಲಿ ಎಂದು ಯಾವ ವಿಭಾಗವೂ ಕಾಯುವುದಿಲ್ಲ.

ಹಾಗಂತ ಈ ಸಂಕಟ ನನ್ನೊಬ್ಬನದೇ ಎನ್ನಲೇ? ನನ್ನ ರಜೆಯಿಂದ ಅವ್ವನಿಗೆ ಸಿಕ್ಕಿದ್ದು ದಿನಕ್ಕೆ ನಾಲ್ಕು ರೊಟ್ಟಿ ಹೆಚ್ಚು ಬಡಿಯುವ ಕೆಲಸ. ಹೊರಡುವಾಗ ಕಣ್ಣು ತುಂಬಿಕೊಳ್ಳುತ್ತಾಳೆ, ಮರುದಿನ ಎಂದಿನಂತೆ ನಸುಕಿಗೇ ಏಳುತ್ತಾಳೆ. ಫೋನಿನಲ್ಲಿ ‘ಹೆಂಗದಿ ಅವ್ವಾ’ ಎಂದರೆ, ‘ನಂದ್ ಬಿಡು, ನೀ ಉಂಡ್ಯಾ?’ ಎನ್ನುತ್ತಾಳೆ.